ಮಣ್ಣಿಗೆ ಸೋಪು ಹಾಕಿದವರು

ನಮ್ಮ ಯಜಮಾನರು ಕಲೆ ತೆಗೆಯುವವರು. ಬರೀ ಇಷ್ಟಂದರೆ ಹೊರಗಿನವರು ಕಣ್ಣು ಕಣ್ಣು ಬಿಡುತ್ತಾರೆ, ಅದಕ್ಕೇ ಬಿಡಿಸಿ ಹೇಳಬೇಕು. ರಾಯದುರ್ಗದಲ್ಲಿ ಓಣಿಗೆ ನಾಲ್ಕು ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಹೊಲಿದು ಮುಗಿದ ಪ್ಯಾಂಟಿನ ಮೇಲೆ ಮಷೀನಿನ ಎಣ್ಣೆ, ಗುಂಡಿ ಹಚ್ಚುವವರ ಕೈಯ ಎಲೆಯಡಿಕೆ, ನೆಲದ ಮಸಿ, ಏನೇನೋ ಅಂಟಿರುತ್ತದೆ. ಅದನ್ನು ತೆಗೆಯದೆ ಪ್ಯಾಕಿಂಗಿಗೆ ಕಳಿಸುವಂತಿಲ್ಲ. ನಮ್ಮ ಶೆಡ್ಡಿನಲ್ಲಿ ಆ ಕೆಲಸ ಇವರದು. ಅದೇ ಶೆಡ್ಡಿನಲ್ಲಿ ಕೂತು ದಾರ ಕತ್ತರಿಸುವುದು ನನ್ನದು. ಒಂದು ಹಲಗೆ, ಎರಡು ಬ್ರಷ್ಷು, ಸೋಪಾಯಿಲ್ ಅಂತ ಕರೆಯುವ ದಪ್ಪನೆಯ ಸೋಪಿನ ದ್ರಾವಣದ ಒಂದು ಕ್ಯಾನು. ಇಷ್ಟೇ ಅವರ ಸರಂಜಾಮು. ಇಷ್ಟಕ್ಕೇ ಆ ಮನುಷ್ಯ ತಾನೊಬ್ಬ ದೊಡ್ಡ ಡಾಕ್ಟರು ಅಂದುಕೊಂಡಿದ್ದಾರೆ.

ಯಾರ ಮನೆಗೆ ಹೋದರೂ ಮೊದಲು ಅವರ ಕಣ್ಣು ಹೋಗುವುದು ಕಲೆಯ ಮೇಲೆ. ಒಂದು ಮದುವೆಯಲ್ಲಿ ಬೀಗರ ಅಂಗಿಯ ಮೇಲೆ ಸಾರು ಚೆಲ್ಲಿತ್ತು. ಇವರು ಊಟದ ಎಲೆ ಬಿಟ್ಟು ಎದ್ದು, ಕೈ ತೊಳೆದು, ಅಲ್ಲೇ ಸೋಪು ಹಚ್ಚಿ ಉಜ್ಜಿದರು. ಕಲೆ ಹೋಯಿತು, ಜೊತೆಗೆ ಅಂಗಿಯ ಬಣ್ಣವೂ ಅಂಗೈ ಅಗಲ ಹೋಯಿತು. ಬೀಗರು ಮುಖ ಸಿಂಡರಿಸಿಕೊಂಡು ನಿಂತಿದ್ದರೆ ಇವರು, ‘ಕಲಿ ಹೋತಲ್ರಿ, ಮತ್ತೇನು?’ ಅಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ.

ಅವರನ್ನೊಬ್ಬರನ್ನೇ ಅಂದರೆ ತಪ್ಪಾಗುತ್ತದೆ. ನಮ್ಮೂರಿನ ಬುದ್ಧಿಯೇ ಅಷ್ಟು. ಪ್ಯಾಂಟು ತೊಳೆದ ನೀರು ಹಿಂದಿನ ಗಟಾರದಲ್ಲಿ ನೀಲಿಯಾಗಿ ಹರಿಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಹೊಸಬರಿಗೆ ಕೆಲಸ ಕಲಿಸುವಾಗ ಇವರು ಹೇಳುವ ಪಾಠ ಒಂದೇ: ‘ನೀರು ಕರ್ರಗ ಬಂತಂದ್ರ ಕಲಿ ಬಿಡ್ತು ಅಂತ ತಿಳ್ಕೋರಿ.’ ಆ ಕರಿ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಪಾಠದಲ್ಲಿಲ್ಲ. ಗಟಾರ ಇದೆಯಲ್ಲ, ಹೋಗುತ್ತದೆ. ಗಟಾರದ ಆಚೆಗಿನ ಲೋಕ ನಮ್ಮದಲ್ಲ.

ನನ್ನ ತವರು ಮಡಕಶಿರಾ ಕಡೆ, ಗುಡಿಬಂಡೆಯಿಂದ ಒಂದು ಆಟೊ ದೂರ. ಅಲ್ಲಿ ನನ್ನ ಅಣ್ಣ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ. ಸಾಕುತ್ತಾನೆ ಅನ್ನುವುದು ಬಾಯಿಮಾತು, ಸಾಕುವವಳು ನನ್ನ ಅತ್ತಿಗೆ. ಅವಳೂ ನಾನೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆಗಿನಿಂದಲೂ ಅವಳಿಗೆ ನನ್ನನ್ನು ಕಂಡರೆ ಸಸಾರ, ನನಗೆ ಅವಳನ್ನು ಕಂಡರೆ ಅದರ ಎರಡರಷ್ಟು. ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ನನ್ನ ಮನೆಯೇ ಅವಳ ಮನೆಯಾಯಿತು, ಅವಳ ಸೊಕ್ಕಿಗೆ ಸೂರೂ ಸಿಕ್ಕಿತು. ನಾನು ಮಾತಿಗೆ ಮಾತಿಗೆ ‘ರಿ’ ಸೇರಿಸುವುದು ಅವಳಿಗೆ ತಮಾಷೆ. ‘ಬಂದ್ಲು ನೋಡಪ್ಪ ಬರ್ರಿ ಹೋಗ್ರಿ’ ಅಂತ ಅಂಗಳದಲ್ಲೇ ಶುರು ಮಾಡುತ್ತಾಳೆ.

ಹುಳುಮನೆಯ ಮಡಿ ನೋಡಬೇಕು ನೀವು. ಚಪ್ಪಲಿ ಹೊರಗೆ. ಕೈ ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಬೀಡಿ ಸೇದಿದವರು ಹತ್ತಿರ ಸುಳಿಯುವಂತಿಲ್ಲ. ಒಂದು ಸಲ ನಾನು ಮಲ್ಲಿಗೆ ಮುಡಿದು ಬಂದಿದ್ದೆ. ಬಾಗಿಲಲ್ಲೇ ತಡೆದು, ‘ಹೂ ತೆಗ್ದಿಟ್ಟು ಬಾರಮ್ಮ, ತಲೆಗೆ ಅದೇನು ಗಮಗಮ ಎಣ್ಣೆ ಬೇರೆ, ಹುಳಕ್ಕೆ ಆಗಾಕಿಲ್ಲ’ ಅಂದಳು. ಹುಳಕ್ಕೆ ಆಗುವುದಿಲ್ಲವೋ ಇವಳಿಗೆ ಆಗುವುದಿಲ್ಲವೋ ಅಂತ ನಾನು ಒಳಗೇ ಹೋಗಲಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ಅವಳ ಬೆಳೆ ಕೆಟ್ಟದ್ದನ್ನು ನಾನು ಕೇಳಿರಲಿಲ್ಲ. ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಅವಳ ಗೂಡು ಅಂದರೆ ಜನ ನಿಂತು ನೋಡುತ್ತಿದ್ದರು.

ಆ ಮನೆಗೆ ಎಲ್ಲದಕ್ಕೂ ಒಂದೇ ಬಾವಿ. ಅಪ್ಪನ ಕಾಲದ್ದು. ಎಷ್ಟೋ ವರ್ಷ ನೀರು ತಳದಲ್ಲೇ ಇತ್ತು, ಈಚೆಗೆ ಎರಡು ಮಳೆಗಾಲ ಚೆನ್ನಾಗಿ ಆಗಿ ಮತ್ತೆ ಮೇಲೆ ಬಂದಿತ್ತು. ಬಾವಿಯ ಪಕ್ಕದಲ್ಲಿ ಹತ್ತು ಹೆಜ್ಜೆ ಆಚೆ ಹಳೆಯ ಇಂಜಿನ್ ಮನೆ. ಕರೆಂಟು ಬರುವ ಮುಂಚೆ ಡೀಸೆಲ್ ಇಂಜಿನ್ನು ಅಲ್ಲಿ ಕೂತು ಬಾವಿಯ ನೀರು ಎತ್ತುತ್ತಿತ್ತು. ನೀರು ಕೈಗೆ ಸಿಗುವ ಜಾಗ ಅಂತ ಅಪ್ಪ ಕಡಲೆಕಾಯಿಗೆ ಹೊಡೆಯುವ ಮದ್ದನ್ನೂ ಅಲ್ಲೇ ಕಲಸುತ್ತಿದ್ದ, ಸ್ಪ್ರೇಯರ್ ಅನ್ನೂ ಅಲ್ಲೇ ತೊಳೆಯುತ್ತಿದ್ದ. ವರ್ಷಗಟ್ಟಲೆ ಡೀಸೆಲ್ಲು, ವರ್ಷಗಟ್ಟಲೆ ಮದ್ದು, ಎಲ್ಲವನ್ನೂ ಆ ಜೇಡಿಮಣ್ಣು ಕುಡಿದಿತ್ತು. ಅಲ್ಲಿ ಒಂದು ಗರಿಕೆಯೂ ಹುಟ್ಟುತ್ತಿರಲಿಲ್ಲ. ಮೊದಲ ಹನಿ ಬಿದ್ದರೆ ಘಾಟು ಏಳುತ್ತಿತ್ತು. ಆದರೆ ಬಾವಿಯ ನೀರು ಮಾತ್ರ ಕುಡಿಯುವ ಹಾಗೆಯೇ ಇತ್ತು, ನಾವು ಮಕ್ಕಳೆಲ್ಲ ಅದನ್ನೇ ಕುಡಿದು ಬೆಳೆದವರು.

ಎರಡು ವರ್ಷದ ಹಿಂದೆ ಅಣ್ಣ ಆ ಇಂಜಿನ್ ಮನೆ ಕೆಡವಿ, ಅಲ್ಲಿ ಹುಳುಗಳ ಸೊಪ್ಪು ಇಡುವ ಕೋಣೆ ಕಟ್ಟಬೇಕೆಂದ. ಗೋಡೆ ಕೆಡವಿದ. ಘಾಟಿಗೆ ಅತ್ತಿಗೆ ಮೂಗು ಮುಚ್ಚಿಕೊಂಡು, ‘ಈ ವಾಸ್ನೆ ಹೋಗೋಗಂಟ ಒಂದ್ ಎಲೆನೂ ಇಲ್ಲಿ ಇಡಾಕಿಲ್ಲ’ ಅಂದಳು. ಮಣ್ಣು ತೆಗೆಸೋಣ ಅಂದರೆ ಬಾವಿಯ ಪಕ್ಕಕ್ಕೆ ಜೆಸಿಬಿ ತರಲು ಅಣ್ಣನಿಗೆ ಧೈರ್ಯವಿಲ್ಲ, ಬಾವಿಯ ಕಲ್ಲು ಕುಸಿದರೆ ಅಂತ. ಗುದ್ದಲಿಯಲ್ಲಿ ತೆಗೆಯುವುದಕ್ಕೆ ಸೋಮಾರಿತನ. ಹೀಗೆ ತಲೆ ಕೆರೆದುಕೊಂಡು ಕೂತಿದ್ದಾಗ ನಾವಿಬ್ಬರೂ ಊರಿಗೆ ಹೋದೆವು.

ನಮ್ಮ ಡಾಕ್ಟರಿಗೆ ಇಷ್ಟು ಸಾಕಾಗಿತ್ತು. ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ಮೂಸಿದರು. ಬೆರಳಲ್ಲಿ ತಿಕ್ಕಿದರು. ‘ಇದು ಎಣ್ಣಿ ಕಲಿ ಭಾವ. ತೆಗಿಯೋದ್ಯಾಕ? ತೊಳೆದ್ರಾತು’ ಅಂದರು. ಅಣ್ಣ ಬಾಯಿ ಬಿಟ್ಟುಕೊಂಡು, ‘ಮಣ್ಣು ತೊಳೆಯಾಕಾಗ್ತೈತಾ ಭಾವ?’ ಅಂದ. ಅತ್ತಿಗೆ ಸೊಪ್ಪು ಹೆಚ್ಚುತ್ತಾ ನನ್ನ ಕಡೆ ತಿರುಗಿ ಒಂದು ನಗೆ ನಕ್ಕಳು. ಆ ನಗೆಗೆ ನನ್ನ ಮೈ ಉರಿದುಹೋಯಿತು. ನನ್ನ ಗಂಡನನ್ನು ನಾನು ಬೈಯಬಹುದು, ಇವಳ್ಯಾರು ನಗುವುದಕ್ಕೆ?

ಮಾರನೆಯ ದಿನ ಅಂಗಳದಲ್ಲಿ ಇವರ ಪ್ರದರ್ಶನ. ಎರಡು ಬಕೆಟ್ಟು ನೀರು ಇಟ್ಟರು. ಇಂಜಿನ್ ಮನೆಯ ಮಣ್ಣನ್ನು ಎರಡು ಜೀನ್ಸ್ ತುಂಡಿನಲ್ಲಿ ಗಂಟು ಕಟ್ಟಿದರು. ಒಂದು ಬಕೆಟ್ಟಿಗೆ ಬರೀ ನೀರು, ಇನ್ನೊಂದಕ್ಕೆ ರಾಯದುರ್ಗದಿಂದ ಬಾಟಲಿಯಲ್ಲಿ ತಂದಿದ್ದ ಸೋಪಾಯಿಲ್. ಅದನ್ನು ಯಾಕೆ ತಂದಿದ್ದರು ಅಂತ ಕೇಳಬೇಡಿ, ಬೇರೆಯವರು ಹಲ್ಲುಜ್ಜುವ ಬ್ರಷ್ ಒಯ್ಯುವ ಹಾಗೆ ಇವರು ಅದನ್ನು ಒಯ್ಯುತ್ತಾರೆ. ಎರಡೂ ಗಂಟನ್ನು ಮುಳುಗಿಸಿ ಹಿಂಡಿದರು. ಬರೀ ನೀರಿನಲ್ಲಿ ಜಪ್ಪಯ್ಯ ಅಂದರೂ ಏನೂ ಬರಲಿಲ್ಲ, ಸ್ವಲ್ಪ ಕೆಂಪಾಯಿತು, ಅಷ್ಟೆ. ಸೋಪಿನ ಬಕೆಟ್ಟು ಮಾತ್ರ ಕಪ್ಪಿಟ್ಟಿತು, ಮೇಲೆ ಹೊಳೆಹೊಳೆಯುವ ಪೊರೆ, ಗಪ್ಪನೆ ಘಾಟು. ನೆರೆಮನೆಯವರೆಲ್ಲ ಗೋಡೆಯ ಮೇಲಿಂದ ಇಣುಕಿ ‘ಅಬ್ಬಬ್ಬಾ’ ಅಂದರು. ಸೋಪು ಮಣ್ಣಿನಿಂದ ವಿಷ ಬಿಡಿಸಿ ನೀರಿಗೆ ಹಾಕುತ್ತದೆ ಅಂತ ನಮ್ಮೆಲ್ಲರ ಕಣ್ಣೆದುರೇ ತೋರಿಸಿದರು. ಅಷ್ಟು ಜನರಲ್ಲಿ ಅದರ ಅರ್ಥ ತಿಳಿದವರು ಒಬ್ಬರೇ.

ಅವರು ರೇಷ್ಮೆ ಮೇಡಂ. ಆಂಧ್ರ ಸರ್ಕಾರದ ಊರ ಕಚೇರಿಯಾದ ಗ್ರಾಮ ಸಚಿವಾಲಯದಲ್ಲಿ ಕೂತು, ವಾರಕ್ಕೊಮ್ಮೆ ಸ್ಕೂಟಿಯಲ್ಲಿ ಹುಳುಮನೆ ನೋಡಲು ಬರುತ್ತಿದ್ದ ಹೆಣ್ಣುಮಗಳು. ತೆಲುಗಿನವರು, ಕನ್ನಡ ನಿಧಾನಕ್ಕೆ ಆಡುತ್ತಿದ್ದರು. ಅವತ್ತು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತು ಪೂರ್ತಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಅಣ್ಣಾ, ಈ ಬಕೆಟ್ ನೀರು ಈಗ ಎಲ್ಲಿ ಚೆಲ್ತೀರಾ?’

ಯಜಮಾನರು ಅತ್ತಿತ್ತ ನೋಡಿದರು. ರಾಯದುರ್ಗದಲ್ಲಾಗಿದ್ದರೆ ಗಟಾರ ಅನ್ನುತ್ತಿದ್ದರು. ಇಲ್ಲಿ ಗಟಾರವೇ ಇರಲಿಲ್ಲ. ಕೊನೆಗೆ ಬೇಲಿಯ ಕಡೆ ಕೈ ತೋರಿಸಿದರು. ಮೇಡಂ, ‘ಆ ನೆಲಾನ ಹಂಗೇ ಬಿಡಿ. ನೀರು ಕೂಡ ಬಿಡಬೇಡಿ. ಮೇಲೆ ಟಾರ್ಪಾಲ್ ಹಾಕಿ, ಸೊಪ್ಪಿನ ಕೋಣೆ ಬೇರೆ ಕಡೆ ಕಟ್ಕೊಳ್ಳಿ’ ಅಂದರು. ಅವರ ಸ್ಕೂಟಿಯ ಸದ್ದು ಮರೆಯಾಗುವ ತನಕ ಎಲ್ಲರೂ ಗಂಭೀರವಾಗಿದ್ದು, ಆಮೇಲೆ ಗೊಳ್ಳೆಂದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಪುಸ್ತಕ ಓದಿ ಬಂದವಳು ಕಲೆ ತೆಗೆಯುವವನಿಗೆ ಪಾಠ ಹೇಳುತ್ತಾಳಂತೆ!

ರಾಯದುರ್ಗಕ್ಕೆ ಹಿಂತಿರುಗಿ, ಮತ್ತೊಂದು ವಾರಕ್ಕೆ ಎರಡು ದೊಡ್ಡ ಕ್ಯಾನು ಸೋಪಾಯಿಲ್ ಹೊತ್ತುಕೊಂಡು ಹೋದೆವು. ಎರಡು ಬಸ್ಸು, ಒಂದು ಆಟೊ. ಕಂಡಕ್ಟರು ‘ಏನಮ್ಮಾ, ಹಾಲಾ?’ ಅಂದ. ಇವರು, ‘ಭೂಮಿಗೆ ಔಷಧ ಅಪ್ಪಾ’ ಅಂದರು. ಎಂಥ ಜಂಭ! ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಮೊದಲ ದಿನ ಇವರು ಜೀನ್ಸಿಗೆ ಹಾಕುವ ಲೆಕ್ಕದಲ್ಲೇ ತೆಳ್ಳಗೆ ಕಲಸಿ, ಒಂದೇ ಕ್ಯಾನು ಬಳಸಿ, ನೆಲದ ತುಂಬ ಚಿಮುಕಿಸಿದರು. ಮಣ್ಣು ಗಟಗಟ ಕುಡಿಯಿತು. ಕುಡಿದು ಸುಮ್ಮನಾಯಿತು. ನೊರೆಯಿಲ್ಲ, ಕಪ್ಪಿಲ್ಲ, ಏನೂ ಇಲ್ಲ. ಘಾಟು ಇದ್ದ ಹಾಗೇ ಇತ್ತು. ಸಂಜೆ ಅತ್ತಿಗೆ ಮೇಕೆಗೆ ಸೊಪ್ಪಿನ ಕಡ್ಡಿ ಹಾಕುತ್ತಾ ಮೇಕೆಯ ಹತ್ತಿರ ಮಾತಾಡಿದಳು: ‘ನೋಡೇ, ರಾಯದುರ್ಗದೋರು ನಮ್ ಮಣ್ಣಿಗೆ ಸ್ನಾನ ಮಾಡ್ಸವ್ರೆ. ಇನ್ ಪೌಡ್ರು ಬಳಿಯೋದೊಂದು ಬಾಕಿ.’ ಅಣ್ಣ ಕೂಡ ಮೀಸೆಯಡಿಯಲ್ಲಿ ನಕ್ಕ. ನಾನು ಆ ರಾತ್ರಿ ಊಟ ಬಿಟ್ಟು ಮಲಗಿದೆ.

ಎರಡನೆಯ ದಿನ ಅವರು ಉಳಿದ ಒಂದು ಕ್ಯಾನನ್ನು ಹಾಗೇ ದಪ್ಪಗೆ ಸುರಿದರು. ಆಮೇಲೆ ಬಾವಿಯ ಮೋಟಾರು ಹಾಕಿ, ಪೈಪು ಹಿಡಿದು ಮಧ್ಯಾಹ್ನದವರೆಗೂ ನೀರು ಬಿಟ್ಟದ್ದಾಯಿತು. ಈಗ ನೆಲ ಒಪ್ಪಿಕೊಂಡಿತು. ಬೂದು ಬಣ್ಣದ ನೊರೆ ಎದ್ದಿತು, ನೊರೆಯ ಕೆಳಗೆ ಕಪ್ಪು ನೀರು ಗುಂಡಿಗುಂಡಿಯಾಗಿ ನಿಂತಿತು, ನೋಡನೋಡುತ್ತಿದ್ದ ಹಾಗೆ ಇಂಗಿಹೋಯಿತು. ಮತ್ತೆ ನೀರು, ಮತ್ತೆ ಕಪ್ಪು, ಮತ್ತೆ ಇಂಗಿತು. ಸಂಜೆಗೆ ಘಾಟು ನಿಜವಾಗಿಯೂ ಹೋಗಿತ್ತು. ಬೆಳಿಗ್ಗೆಯಿಂದ ತೋಟದಲ್ಲಿದ್ದ ಅಣ್ಣ ಬಂದು, ಬಗ್ಗಿ ನೆಲ ಮೂಸಿ, ಎದ್ದು ಇವರ ಹೆಗಲಿಗೆ ಹೊಸ ಟವಲ್ಲು ಹೊದಿಸಿದ. ಇವರು ತಲೆ ತಗ್ಗಿಸಿ ನಿಂತರು. ನಾನು ಅದನ್ನು ವಿನಯ ಅಂದುಕೊಂಡು, ಈ ಮನುಷ್ಯನಿಗೆ ನಾಟಕವೂ ಬರುತ್ತದಲ್ಲ ಅಂತ ಮನಸ್ಸಿನಲ್ಲೇ ಬೈದೆ. ಅತ್ತಿಗೆ ಮಾತಾಡಲಿಲ್ಲ. ಅವಳ ಆ ಮೌನ ನನಗೆ ಹಬ್ಬದೂಟಕ್ಕಿಂತ ರುಚಿಯಾಗಿತ್ತು. ಅಷ್ಟು ಕಪ್ಪು ಎಲ್ಲಿಗೆ ಹೋಯಿತು ಅಂತ ಆ ಅಂಗಳದಲ್ಲಿ ಒಬ್ಬ ಪ್ರಾಣಿಯೂ ಕೇಳಲಿಲ್ಲ. ಹತ್ತು ಹೆಜ್ಜೆ ಆಚೆ ಬಾವಿ ಬಾಯಿ ತೆರೆದುಕೊಂಡು ಕೂತಿತ್ತು.

ಹನ್ನೆರಡು ದಿನಕ್ಕೆ ಅಣ್ಣನ ಫೋನು. ‘ಹುಳ ಹೋಗ್ತಾ ಐತೆ ಕಣಮ್ಮ, ಎಲ್ಲಾ ಹೋಗ್ತಾ ಐತೆ’ ಅಂದ. ಅವತ್ತೇ ಹೊರಟೆವು.

ಬಾಗಿಲಲ್ಲಿ ಯಾರೂ ನನ್ನ ತಲೆಯ ಹೂ ನೋಡಲಿಲ್ಲ, ಚಪ್ಪಲಿ ಬಿಡು ಅನ್ನಲಿಲ್ಲ. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಕೊನೆಯದು, ಅದಾದ ಮೇಲೆ ಒಂದು ವಾರ ಹೊಟ್ಟೆಬಾಕರ ಹಾಗೆ ತಿಂದು ಗೂಡು ಕಟ್ಟುತ್ತವೆ. ತಿನ್ನಬೇಕಾದ ಆ ಹುಳುಗಳು ತಲೆ ಎತ್ತಿ ಅತ್ತ ಇತ್ತ ಒಲೆದಾಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕಕ್ಕಿ ಕಕ್ಕಿ ಅರ್ಧಕ್ಕರ್ಧ ಕುಗ್ಗಿ, ಅದೇ ಸೊಪ್ಪಿನ ಮೇಲೆ ಹೊರಳಿ ಬೀಳುತ್ತಿದ್ದವು. ಅತ್ತಿಗೆ ಒಂದೊಂದನ್ನೇ ಆರಿಸಿ ಬೇರೆ ಇಡುತ್ತಿದ್ದಳು, ಯಾವುದು ಉಳಿಯುತ್ತದೋ ಅಂತ. ಕೈ ನಿಲ್ಲಿಸಿರಲಿಲ್ಲ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಬೆತ್ತ ಮುರಿಯುವ ಹಾಗೆ ಹೊಡೆದರೂ ಅಳದವಳು ಅವಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ರೇಷ್ಮೆ ಮೇಡಂ ಬಂದರು. ಹುಳು ನೋಡಿದರು, ಸೊಪ್ಪು ಮೂಸಿದರು. ಬಿಸಿಲಿನ ಕಾಲವಾದ್ದರಿಂದ ಸೊಪ್ಪು ಬಾಡಬಾರದು ಅಂತ ಅದರ ಮೇಲೆ ಒದ್ದೆ ಗೋಣಿ ಹೊದಿಸುತ್ತಾರೆ. ಆ ಗೋಣಿಯನ್ನು ಎತ್ತಿ ಮತ್ತೆ ಮತ್ತೆ ಮೂಸಿದರು. ‘ಇದನ್ನ ಯಾವ ನೀರಲ್ಲಿ ನೆನೆಸ್ತೀರಾ?’ ಅಂತ ಕೇಳಿದರು. ಬಾವಿಯ ನೀರು. ಮೇಡಂ ಬಾವಿಗೆ ಹೋಗಿ ಒಂದು ಬಾಟಲಿ ನೀರು ತುಂಬಿ, ಮುಚ್ಚಳ ಹಾಕಿ ಕುಲುಕಿದರು. ಅರ್ಧ ಬಾಟಲಿ ನೊರೆ ಎದ್ದು ನಿಂತಿತು. ಪುಣ್ಯಕ್ಕೆ, ನೀರು ಯಾಕೋ ಕಹಿ ಅಂತ ಮನೆಯವರು ನಾಲ್ಕು ದಿನದಿಂದ ಕ್ಯಾನ್ ನೀರು ತರಿಸಿ ಕುಡಿಯುತ್ತಿದ್ದರು. ಹುಳುಗಳಿಗೆ ಕ್ಯಾನ್ ನೀರು ತರಿಸುವವರು ಯಾರು?

ಅಣ್ಣ ಆ ಎರಡು ದಿನ ನಡೆದದ್ದನ್ನು ಹೇಳಿ, ‘ಸೋಪೇ ಅಲ್ವಾ ಮೇಡಂ, ಸೋಪಿಗೆ ಹುಳ ಸಾಯ್ತಾವಾ?’ ಅಂದ.

‘ಸೋಪು ಒಂದೇ ಅಲ್ಲ ಅಣ್ಣಾ. ಆ ಮದ್ದು ಎಣ್ಣೆ ಜಾತಿದು, ನೀರಿಗೂ ಅದಕ್ಕೂ ಸೇರಲ್ಲ. ಅದಕ್ಕೇ ಇಷ್ಟು ವರ್ಷ ಮಳೆ ಬಂದ್ರೂ ಜೇಡಿಮಣ್ಣಿಗೆ ಅಂಟ್ಕೊಂಡು ಕೂತಿತ್ತು. ಮೊದಲನೇ ದಿನ ಹಾಕಿದ ಸೋಪು ಕಡಿಮೆ, ಅದನ್ನೂ ಮಣ್ಣೇ ಹಿಡ್ಕೊಂಡ್ತು. ಎರಡನೇ ದಿನ ಹೆಚ್ಚಾಯ್ತಲ್ಲ, ಆವಾಗ ಸೋಪು ಆ ಮದ್ದನ್ನ ಮಣ್ಣಿಂದ ಬಿಡಿಸಿ, ಸುತ್ತ ಕಟ್ಕೊಂಡು, ನೀರಿನ ಜೊತೆ ಕರ್ಕೊಂಡು ಹೋಯ್ತು. ನೀರು ಎಲ್ಲಿಗೆ ಹೋಗುತ್ತೆ? ಬಾವಿಗೆ. ಮಣ್ಣು ಹಿಡ್ಕೊಂಡಿತ್ತು ಅಣ್ಣಾ, ನೀವು ಬಿಡಿಸಿಬಿಟ್ರಿ.’

ನಾನು ಹೇಳಿರಲಿಲ್ಲವಾ ಅಂತ ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಜಗಳಕ್ಕಾದರೂ ಒಂದು ದಾರಿ ಸಿಗುತ್ತಿತ್ತು. ಸತ್ತ ಹುಳುಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಯಜಮಾನರೇ ಗುಂಡಿ ತೋಡಿದರು, ಅಣ್ಣ ಬೇಡ ಅಂದರೂ ಕೇಳಲಿಲ್ಲ.

ಅಲ್ಲಿಂದ ಮುಂದೆ ನನ್ನ ಬಾಯಿ ನಿಲ್ಲಲಿಲ್ಲ. ಬಸ್ಸಿನಲ್ಲಿ ಬೈದೆ, ಮನೆಯಲ್ಲಿ ಬೈದೆ, ಶೆಡ್ಡಿನಲ್ಲಿ ಹತ್ತು ಜನರ ಎದುರು ಬೈದೆ. ‘ಮಣ್ಣು ತೊಳಿಯಾಕ ಹೋಗಿದ್ರವಾ ನಮ್ ಡಾಕ್ಟರು’ ಅಂತ ಶುರು ಮಾಡಿದರೆ ದಾರ ಕತ್ತರಿಸುವ ಹೆಂಗಸರೆಲ್ಲ ಕತ್ತರಿ ಕೆಳಗಿಟ್ಟು ನಗುತ್ತಿದ್ದರು. ಬಕೆಟ್ಟಿನ ಪ್ರದರ್ಶನ, ಟವಲ್ಲು, ಕಂಡಕ್ಟರಿಗೆ ಹೇಳಿದ ಮಾತು, ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದೆ. ಥೂ, ತವರಿನ ಬಾವಿಗೆ ವಿಷ ಹಾಕಿದ ಗಂಡನನ್ನು ಕಟ್ಟಿಕೊಂಡೆನಲ್ಲ ಅಂತ ಕೊನೆಗೆ ಹಣೆ ಬಡಿದುಕೊಳ್ಳುತ್ತಿದ್ದೆ. ಅವರು ನಾಲ್ಕು ಮಾರು ಆಚೆ ಹಲಗೆಯ ಮುಂದೆ ಕೂತು ಪ್ಯಾಂಟು ಉಜ್ಜುತ್ತಿದ್ದರು. ನನ್ನ ಮಾತು ಪ್ರತಿಯೊಂದೂ ಅವರಿಗೆ ಕೇಳಿಸುತ್ತಿತ್ತು.

ಎರಡು ತಿಂಗಳಾದ ಮೇಲೆ ನಾನೊಬ್ಬಳೇ ತವರಿಗೆ ಹೋದೆ. ಇವರು ಬರುವುದಿಲ್ಲ ಅಂದರು, ನಾನೂ ಕರೆಯಲಿಲ್ಲ. ಇಂಜಿನ್ ಮನೆಯ ಮಣ್ಣನ್ನು ಅಣ್ಣ ಕೊನೆಗೂ ಗುದ್ದಲಿಯಲ್ಲೇ ಅಗೆದು, ಚೀಲ ಕಟ್ಟಿ, ಟಾರ್ಪಾಲಿನ ಕೆಳಗೆ ಒಟ್ಟಿದ್ದ. ಅದನ್ನು ಎಲ್ಲಿಗೆ ಸಾಗಿಸಬೇಕು ಅಂತ ಮೇಡಂ ವಿಚಾರಿಸುತ್ತಿದ್ದರು. ಬಾವಿಯ ಬಾಯಿಗೆ ಮುಳ್ಳುಕಂಟಿ ಹಾಕಿದ್ದರು, ದನ ಕೂಡ ಕುಡಿಯಬಾರದು ಅಂತ. ನೀರಿನ ಪರೀಕ್ಷೆ ಎರಡು ಸಲ ಮಾಡಿಸಿದರಂತೆ, ಎರಡು ಸಲವೂ ಬೇಡ ಅಂತಲೇ ಬಂದಿತ್ತು. ಹಿಪ್ಪುನೇರಳೆ ತೋಟ ಒಣಗಿ ನಿಂತಿತ್ತು. ಹುಳುಮನೆಗೆ ಬೀಗ. ಅತ್ತಿಗೆ ಪಕ್ಕದ ತೋಟದವರ ಬೋರಿನಿಂದ ಟಿವಿಎಸ್ ಗಾಡಿಯ ಎರಡೂ ಕಡೆ ಬಿಂದಿಗೆ ಕಟ್ಟಿಕೊಂಡು ನೀರು ತರುತ್ತಿದ್ದಳು. ಮೂರು ಸಲ ಹೋಗಿ ಬಂದು, ಬೆವರು ಒರೆಸಿಕೊಳ್ಳದೆ, ಮೊದಲು ನನಗೆ ಒಂದು ಚೊಂಬು ನೀರು ತಂದಿಟ್ಟಳು.

ಆ ಚೊಂಬು ನೋಡಿ ನನಗೆ ತಡೆಯಲಾಗಲಿಲ್ಲ. ರೂಢಿಯಾಗಿದ್ದ ಮಾತು ತಾನಾಗಿಯೇ ಬಂತು. ‘ಆ ಮನುಷ್ಯನ ಬಾಯಿಗೆ ಮಣ್ಣು ಹಾಕ. ಸೋಪಿನ ಹುಚ್ಚಿಗೆ ನನ್ ತವರ್ನೇ ತೊಳ್ದುಬಿಟ್ಟ...’

‘ಸಾಕು ನಿಲ್ಸು’ ಅಂದಳು ಅತ್ತಿಗೆ. ಜೋರಾಗಿ ಅನ್ನಲಿಲ್ಲ. ‘ಎರಡ್ನೇ ದಿನ ಬೆಳಿಗ್ಗೆ ನಾನು ಇಲ್ಲೇ ಸೊಪ್ಪು ಹೆಚ್ತಾ ಇದ್ದೆ. ಅಣ್ಣ ಆ ಕ್ಯಾನಿಗೆ ಮುಚ್ಳ ಹಾಕಿ, ಕೈ ತೊಳ್ಕೊಂಡು, ಬೇಡ ಅಂದ್ರು. ಸುರಿದೋಳು ನೀನು.’

ಅವಳು ನನ್ನ ಗಂಡನನ್ನು ಅಣ್ಣ ಅನ್ನುತ್ತಾಳೆ.

ಎರಡನೆಯ ಕ್ಯಾನನ್ನು ಅವರು ಸುರಿದರು ಅಂತ ಮೇಲೆ ಬರೆದದ್ದು ಸುಳ್ಳು. ಶೆಡ್ಡಿನಲ್ಲಿ ಎಷ್ಟು ಸಲ ಹಾಗೆ ಹೇಳಿದ್ದೆನೆಂದರೆ ಇಲ್ಲಿಯೂ ಕೈ ಅದನ್ನೇ ಬರೆಯಿತು. ಅವತ್ತು ಬೆಳಿಗ್ಗೆ ಅವರು ಬಾವಿಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಇಂಜಿನ್ ಮನೆಯ ನೆಲ ನೋಡುತ್ತಿದ್ದರು. ಆಮೇಲೆ, ‘ಆ ಮೇಡಂ ಕೇಳಿದ್ದು ಖರೆ ಅದ. ಬಟ್ಟಿ ತೊಳೆದ ನೀರು ಗಟಾರಕ್ಕ ಹೋಗ್ತದ. ಇಲ್ಲಿ ಗಟಾರ ಎಲ್ಲದ? ಇದೊಂದು ಬಾವಿನ ಅದ. ಬ್ಯಾಡ ಬಿಡು, ನಗಲಿ ಅವರು’ ಅಂದರು. ನಗಲಿ ಅಂದದ್ದೇ ನನಗೆ ಕಿಡಿ ಹತ್ತಿಸಿತು. ‘ಎರಡು ಬಸ್ಸು ಹೊತ್ಕೊಂಡು ಬಂದಿದ್ದು ನಗಿಸ್ಕೊಳ್ಳಾಕೇನ್ರಿ? ಗಂಡಸಾಗಿ ಒಂದು ಮಾತಿನ ಮೇಲೆ ನಿಲ್ಲಾಕ ಬರಂಗಿಲ್ಲ ನಿಮಗ’ ಅಂದೆ. ಮುಚ್ಚಳ ತಿರುಗಿಸಿದ್ದು ನಾನು. ಕ್ಯಾನು ಬಗ್ಗಿಸಿದ್ದು ನಾನು. ಮಧ್ಯಾಹ್ನದ ತನಕ ಪೈಪು ಹಿಡಿದು ನಿಂತದ್ದೂ ನಾನೇ. ಟವಲ್ಲು ಹೊದಿಸಿದಾಗ ಅವರು ತಲೆ ತಗ್ಗಿಸಿದ್ದು ಯಾಕೆ ಅಂತ ನನಗೆ ಅವತ್ತೇ ಗೊತ್ತಿತ್ತು.

ಅತ್ತಿಗೆ ಇನ್ನೊಂದು ಬಿಂದಿಗೆ ಇಳಿಸಿ, ನನ್ನ ಎದುರು ನೆಲದ ಮೇಲೆ ಕೂತಳು.

‘ನೋಡಿದ್ದೋಳು ಯಾಕೆ ಸುಮ್ನಿದ್ದೆ ಅಂತ ಕೇಳು’ ಅಂದಳು.

ಅವಳೇ ಹೇಳಿದಳು. ‘ಹುಳದ ಮೇಲೆ ಆಣೆ, ನೀರು ಕೆಡ್ತೈತೆ ಅಂತ ನಂಗೆ ಗೊತ್ತಿರ್ಲಿಲ್ಲ. ಏನೂ ಆಗಾಕಿಲ್ಲ, ವಾಸ್ನೆ ಹಂಗೇ ಇರ್ತೈತೆ, ಇವ್ಳ ಮುಖ ಸಣ್ಣಗಾಗ್ತೈತೆ, ಜಲ್ಮೆಲ್ಲ ಆಡ್ಕೊಂಡು ನಗಬೋದು ಅಂತ ಸುಮ್ನಿದ್ದೆ ಕಣೆ. ಬ್ಯಾಡ ಅಂತ ಒಂದ್ ಮಾತು ಅಂದಿದ್ರೆ ನೀನು ನಿಲ್ತಿದ್ದೇನೋ.’

ನಿಲ್ಲುತ್ತಿರಲಿಲ್ಲ. ಅವಳು ಬೇಡ ಅಂದಿದ್ದರೆ ಇನ್ನೊಂದು ಕ್ಯಾನು ತರಿಸಿ ಸುರಿಯುತ್ತಿದ್ದೆ. ಆ ಮಾತನ್ನು ನುಂಗಿಕೊಂಡು ನೀರು ಕುಡಿದೆ. ಚೊಂಬು ತೊಳೆಯಲು ಎದ್ದರೆ, ‘ತೊಳೀಬ್ಯಾಡ ಇಡು, ನೀರು ಸುಮ್ನೆ ದಂಡ’ ಅಂದಳು.

ರಾಯದುರ್ಗಕ್ಕೆ ಬಂದಾಗ ಸಂಜೆಯಾಗಿತ್ತು. ಅವರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಾನಿಲ್ಲದ ದಿನ ಅವರೇ ಬಡಿದುಕೊಳ್ಳುತ್ತಾರೆ, ಓರೆಕೋರೆಯಾಗಿ.

‘ಹೆಂಗದ ಬಾವಿ?’ ಅಂತ ಕೇಳಿದರು.

‘ನಾ ಕೆಡಿಸಿದ್ದು ಹಂಗ ಅದರಿ’ ಅಂದೆ.

ಅವರು ತಿರುಗಿ ನೋಡಲಿಲ್ಲ. ರೊಟ್ಟಿಯನ್ನು ಹೆಂಚಿಗೆ ಹಾಕಿ, ‘ಕಾಲು ತೊಳ್ಕೊಂಡು ಬಾ, ಬಿಸಿ ಅದ’ ಅಂದರು.